ಗಣಿತ ಓದಿ ಮನೆಯಲ್ಲಿದ್ದೀರಾ? ಪಿಎಚ್.ಡಿ. ಬಾಗಿಲು ಮುಚ್ಚಿಲ್ಲ

ನನ್ನ ಓರಗಿತ್ತಿ ಇರುವುದು ಗುಬ್ಬಿಯಲ್ಲಿ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮದುವೆಯಾದ ಮೇಲೆ ಆ ಮಾರ್ಕ್ಸ್ ಕಾರ್ಡು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ಸೇರಿತು. ಹದಿನಾಲ್ಕು ವರ್ಷದಲ್ಲಿ ಅದು ಹೊರಗೆ ಬಂದದ್ದು ಎರಡೇ ಸಲ. ಒಮ್ಮೆ ಮನೆಗೆ ಬಣ್ಣ ಹೊಡೆಸುವಾಗ, ಇನ್ನೊಮ್ಮೆ ಬೀರುವಿಗೆ ಇಲಿ ಹೊಕ್ಕಾಗ! ಎರಡು ಮಕ್ಕಳು, ವಯಸ್ಸಾದ ಅತ್ತೆ, ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಟ್ಯೂಷನ್. ಇಷ್ಟೇ ಅವಳ ಲೋಕ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಒಂದು ಯುಗಾದಿಗೆ ಎಲ್ಲರೂ ಸೇರಿದ್ದೆವು. ಒಬ್ಬಟ್ಟು ತಟ್ಟುತ್ತಾ ಕೂತವಳು ಇದ್ದಕ್ಕಿದ್ದಂತೆ, "ಅಕ್ಕಾ, ಈ ಮೆಷಿನ್ ಲರ್ನಿಂಗ್, ಎಐ ಅಂತ ಎಲ್ಲರೂ ಬಾಯಿ ಬಡ್ಕೊಳ್ತಾರಲ್ಲ, ಒಳಗೆ ಬಿಚ್ಚಿ ನೋಡಿದ್ರೆ ಇರೋದು ನಾನು ಓದಿದ ಲೀನಿಯರ್ ಆಲ್ಜೀಬ್ರಾನೇ. ಈಗ ನಾನು ಪಿಎಚ್.ಡಿ.ಗೆ ಸೇರೋಕೆ ಆಗುತ್ತಾ?" ಅಂದಳು. ಮೂವತ್ತೆಂಟಾಯಿತು ಅವಳಿಗೆ. ಹೂರಣ ಉಂಡೆ ಮಾಡುತ್ತಿದ್ದ ನಮ್ಮ ಅತ್ತೆ, "ಈಗ ಯಾಕಮ್ಮಾ ಅದೆಲ್ಲಾ?" ಅಂದರು. ನಾನು ಓದಿದ್ದು ಬಿ.ಎ. ಲೆಕ್ಕ ಅಂದ್ರೆ ಹಾಲಿನವನ ಲೆಕ್ಕ ಅಷ್ಟೇ ಗೊತ್ತು. ಆದರೂ ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ಗೊತ್ತಿದ್ದ ಲೆಕ್ಚರರ್‌ಗಳನ್ನು ಕೇಳಿದೆ, ನಿಯಮಗಳನ್ನು ಓದಿದೆ, ಅರ್ಥವಾಗದ್ದನ್ನು ಅವಳಿಂದಲೇ ಹೇಳಿಸಿಕೊಂಡೆ. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಗಣಿತ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ಅವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ಚೀಟಿಯಲ್ಲೇ ಇದೆ ಗುಟ್ಟು

ಮೊದಲಿಗೆ, ಯಂತ್ರ ಕಲಿಯುವುದು ಅಂದ್ರೇನು? ಓರಗಿತ್ತಿ ನನಗೆ ಹೇಳಿಕೊಟ್ಟ ಹಾಗೇ ಹೇಳುತ್ತೇನೆ.

ತರಕಾರಿಗೆ ಚೀಟಿ ಬರೆಯುತ್ತೀರಿ. ಟೊಮೆಟೊ 2 ಕೆಜಿ, ಈರುಳ್ಳಿ 3 ಕೆಜಿ, ಬೀನ್ಸ್ 1 ಕೆಜಿ. ರೇಟು ಕ್ರಮವಾಗಿ 30, 40, 80 ರೂಪಾಯಿ ಅಂತಿಟ್ಟುಕೊಳ್ಳಿ. ಒಂದೊಂದನ್ನೂ ಗುಣಿಸಿ ಕೂಡಿದರೆ 60, 120, 80, ಒಟ್ಟು 260. ಇದು ನಮಗೆ ದಿನನಿತ್ಯದ ಲೆಕ್ಕ. ಗಣಿತದವರು ಚೀಟಿಯನ್ನು ಒಂದು ವೆಕ್ಟರ್ ಅಂತಾರೆ, ರೇಟನ್ನು ಇನ್ನೊಂದು ವೆಕ್ಟರ್ ಅಂತಾರೆ. ಬೀದಿಯ ಹತ್ತು ಮನೆಯ ಚೀಟಿಗಳನ್ನು ಒಂದರ ಕೆಳಗೊಂದು ಬರೆದರೆ ಅದೇ ಮ್ಯಾಟ್ರಿಕ್ಸ್. ಅಷ್ಟೇ!

ಈಗ ಲೆಕ್ಕವನ್ನು ತಿರುಗಿಸಿ. ಹತ್ತು ಮನೆಯ ಚೀಟಿಯೂ ಕೊಟ್ಟಿದ್ದಾರೆ, ಹತ್ತು ಮನೆಯ ಒಟ್ಟು ಬಿಲ್ಲೂ ಕೊಟ್ಟಿದ್ದಾರೆ, ಆದರೆ ರೇಟು ಮಾತ್ರ ಹೇಳಿಲ್ಲ. ಕಂಡುಹಿಡಿಯಬೇಕು. ಅಂಗಡಿಯವನು ಒಬ್ಬರಿಗೆ ಎರಡು ರೂಪಾಯಿ ಬಿಟ್ಟಿರುತ್ತಾನೆ, ಇನ್ನೊಬ್ಬರಿಗೆ ಚಿಲ್ಲರೆ ಇಲ್ಲ ಅಂತ ಒಂದು ರೂಪಾಯಿ ಹೆಚ್ಚು ಹಿಡಿದಿರುತ್ತಾನೆ. ಹಾಗಾಗಿ ಉತ್ತರ ಕರಾರುವಾಕ್ಕಾಗಿ ಬರುವುದಿಲ್ಲ, ತಪ್ಪು ಆದಷ್ಟು ಕಡಿಮೆ ಇರುವಂಥ ರೇಟನ್ನು ಹುಡುಕಬೇಕು. ಮೆಷಿನ್ ಲರ್ನಿಂಗ್‌ನ ಮೊದಲ ಪಾಠ ಇದೇ ಅಂತೆ. ಇಲ್ಲಿ ಮೂರು ರೇಟು. ನಿಮ್ಮ ಮಗ ಹೋಂವರ್ಕ್ ಬರೆಸಿಕೊಳ್ಳುವ ಚಾಟ್‌ಜಿಪಿಟಿಯಂಥದ್ದರೊಳಗೆ ಇಂಥ "ರೇಟು"ಗಳು ಕೋಟಿಗಟ್ಟಲೆ.

ಹುಡುಕುವುದು ಹೇಗೆ? ದೇವರಾಯನದುರ್ಗಕ್ಕೆ ಹೋಗಿದ್ದೀರಿ ತಾನೆ? ಬೆಟ್ಟದ ಮೇಲೆ ದಟ್ಟ ಮಂಜು ಕವಿದಿದೆ ಅಂದುಕೊಳ್ಳಿ. ಎದುರಿಗಿರುವ ಕೈ ಕೂಡ ಕಾಣುತ್ತಿಲ್ಲ, ಆದರೆ ಕೆಳಗಿನ ನಾಮದ ಚಿಲುಮೆಗೆ ಇಳಿಯಬೇಕು. ಏನು ಮಾಡ್ತೀರಿ? ಕಾಲಿನಿಂದ ತಡವಿ, ಯಾವ ಕಡೆ ಇಳಿಜಾರು ಹೆಚ್ಚೋ ಆ ಕಡೆಗೆ ಒಂದು ಹೆಜ್ಜೆ. ಮತ್ತೆ ತಡವಿ ಇನ್ನೊಂದು ಹೆಜ್ಜೆ. ಯಂತ್ರವೂ ತಪ್ಪಿನ ಬೆಟ್ಟದಿಂದ ಹೀಗೇ ಇಳಿಯುತ್ತದೆ. ಹೆಜ್ಜೆ ಬಹಳ ದೊಡ್ಡದಾದರೆ ಚಿಲುಮೆ ದಾಟಿ ಆಚೆ ದಿಬ್ಬ ಹತ್ತಿಬಿಡಬಹುದು, ಬಹಳ ಚಿಕ್ಕದಾದರೆ ಸಂಜೆಯಾದರೂ ಇಳಿಯಲಾಗದು. ಮಧ್ಯೆ ಯಾವುದೋ ಹಳ್ಳಕ್ಕೆ ಇಳಿದು ಇದೇ ತಳ ಅಂತ ಕೂತುಬಿಡುವ ಅಪಾಯವೂ ಇದೆ. ಹೆಜ್ಜೆ ಎಷ್ಟಿರಬೇಕು, ಹಳ್ಳದಿಂದ ಹೊರಬರುವುದು ಹೇಗೆ, ತಳ ಸಿಕ್ಕೇ ಸಿಗುತ್ತದೆ ಅಂತ ಯಾವಾಗ ಖಚಿತವಾಗಿ ಹೇಳಬಹುದು ಎನ್ನುವುದೆಲ್ಲ ಗಣಿತದ ಪ್ರಶ್ನೆಗಳು. ಇವುಗಳ ಮೇಲೆ ಇವತ್ತಿಗೂ ಪಿಎಚ್.ಡಿ. ಆಗುತ್ತಿವೆ.

ಈ ಪಾಠ ಹಳಸುವುದಿಲ್ಲ

"ಹದಿನಾಲ್ಕು ವರ್ಷದ ಹಿಂದೆ ಓದಿದ್ದು, ಈಗ ಎಲ್ಲಾ ಬದಲಾಗಿರಲ್ವಾ?" ಅಂತ ನಾನು ಕೇಳಿದ್ದೆ. ಅವಳು ನಕ್ಕಳು. ಕಂಪ್ಯೂಟರ್ ಭಾಷೆಗಳು ಬದಲಾಗುತ್ತವೆ, ನಿಜ. ಆದರೆ ಬೆಟ್ಟ ಇಳಿಯುವ ಆ ವಿಧಾನವನ್ನು ಫ್ರಾನ್ಸಿನ ಕೋಶಿ ಬರೆದದ್ದು 1847ರಲ್ಲಿ! ಕಂಪ್ಯೂಟರ್ ಹುಟ್ಟುವ ಮೊದಲೇ.

ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಸಿ.ಆರ್. ರಾವ್ ಅವರ ಕಥೆ. ಸಂಖ್ಯಾಶಾಸ್ತ್ರದ ಈ ಮಹಾನುಭಾವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ತೆಲುಗು ಮನೆತನ, ಹತ್ತು ಮಕ್ಕಳಲ್ಲಿ ಎಂಟನೆಯವರು. 1945ರಲ್ಲಿ ಕೋಲ್ಕತ್ತದ ಒಂದು ಗಣಿತ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಆಗಿನ್ನೂ ಇಪ್ಪತ್ತೈದರ ಪ್ರಾಯ. ಮಾಹಿತಿಯನ್ನು ರೇಖಾಗಣಿತದ ಕಣ್ಣಿನಿಂದ ನೋಡುವ ದಾರಿ ಅದರಲ್ಲಿತ್ತು. ಅದೇ ದಾರಿ ಹಿಡಿದು 1998ರಲ್ಲಿ ಜಪಾನಿನ ಅಮಾರಿ ಎಂಬ ಗಣಿತಜ್ಞರು, ಬೆಟ್ಟ ಇಳಿಯುವಾಗ ಸುಮ್ಮನೆ ಇಳಿಜಾರು ನೋಡಿದರೆ ಸಾಲದು, ನೆಲದ ಆಕಾರವನ್ನೂ ಲೆಕ್ಕಕ್ಕೆ ತಗೊಂಡರೆ ಬೇಗ ತಲುಪುತ್ತೇವೆ ಅಂತ ತೋರಿಸಿದರು. ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು 2023ರಲ್ಲಿ, 102ನೇ ವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ತಾಯಿ ಲಕ್ಷ್ಮೀಕಾಂತಮ್ಮ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಓದಲು ಎಣ್ಣೆ ದೀಪ ಹಚ್ಚಿಕೊಡುತ್ತಿದ್ದರು ಅಂತ ರಾವ್ ನೆನೆದಿದ್ದಾರೆ. ಓದಿ ನನಗೆ ಕಣ್ಣು ತುಂಬಿ ಬಂತು. ಹಿಂದೆಯೇ ಒಂದು ತುಂಟ ಪ್ರಶ್ನೆಯೂ ಬಂತು. ಓದಬೇಕಾದವಳು ಅಮ್ಮನೇ ಆದರೆ, ನಾಲ್ಕು ಗಂಟೆಗೆ ಎದ್ದು ದೀಪ ಹಚ್ಚಿಕೊಡೋರು ಯಾರು? ಕಾಫಿ ಬೆರೆಸಿ ಕೊಡೋರು ಯಾರು? ಪಿಎಚ್.ಡಿ. ಅರ್ಜಿ ತುಂಬುವ ಮೊದಲು ಮನೆಯವರ ಹತ್ತಿರ ಈ ಮಾತನ್ನು ಬಾಯಿಬಿಟ್ಟು ಆಡಿ.

ಇದು ಗಂಡಸರ ವಿದ್ಯೆ ಅಂತ ಯಾರಾದರೂ ಅಂದರೆ ಅನಿಮಾ ಆನಂದಕುಮಾರ್ ಅವರ ಹೆಸರು ಹೇಳಿ. ಹುಟ್ಟಿದ್ದು ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳ ವಂಶದವರು. ಅಪ್ಪ, ಅಮ್ಮ ಇಬ್ಬರೂ ಎಂಜಿನಿಯರು, ಅಜ್ಜ ಗಣಿತದವರು. ಐಐಟಿ ಮದ್ರಾಸಿನಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ 2009ರಲ್ಲಿ ಪಿಎಚ್.ಡಿ. ಮುಗಿಸಿ, 2017ರಲ್ಲಿ ಕ್ಯಾಲ್ಟೆಕ್‌ನಲ್ಲಿ ಪ್ರೊಫೆಸರ್ ಆದರು. ಅವರಿಗೆ ಹೆಸರು ತಂದದ್ದು ಟೆನ್ಸರ್ ಮೇಲಿನ ಕೆಲಸ. ಟೆನ್ಸರ್ ಅಂದ್ರೆ? ಮ್ಯಾಟ್ರಿಕ್ಸ್ ಒಂದು ಹಾಳೆಯ ಪಟ್ಟಿಯಾದರೆ, ತಿಂಗಳು ತಿಂಗಳ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟು ಇದ್ದ ಹಾಗೆ.

"ಅವರೆಲ್ಲ ಐಐಟಿಯವರು ಬಿಡಿ" ಅಂತೀರಾ? ಹಾಗಾದರೆ ಸುಜಾತಾ ರಾಮದೊರೈ ಅವರನ್ನು ನೋಡಿ. ಅವರ ವಿಷಯ ಬೇರೆ, ಸಂಖ್ಯಾ ಸಿದ್ಧಾಂತ. ಆದರೆ ದಾರಿ ನೋಡಿ: ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಮಾಡಿದ್ದು ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಅಂಚೆ ಶಿಕ್ಷಣದಲ್ಲಿ! ಅಲ್ಲಿಂದ ಮುಂಬೈಯ ಟಾಟಾ ಸಂಸ್ಥೆಗೆ ಹೋಗಿ 1992ರಲ್ಲಿ ಡಾಕ್ಟರೇಟ್. 2006ರಲ್ಲಿ ರಾಮಾನುಜನ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಕರೆಸ್ಪಾಂಡೆನ್ಸ್ ಎಂ.ಎಸ್ಸಿ. ಅಂತ ಕೀಳರಿಮೆ ಇದ್ದವರು ಇದನ್ನು ನೆನಪಿಡಿ.

ಗೈಡ್ ನಮ್ಮ ಊರಲ್ಲೇ ಸಿಕ್ಕಾರು

ತುಮಕೂರಿನಲ್ಲಿ ವಿಚಾರಿಸುವಾಗ ನನಗೆ ಮೊದಲು ಎದುರಾದ ಮಾತು, "ಎಐ ಅಂದ್ರೆ ಬೆಂಗಳೂರಿಗೇ ಹೋಗ್ಬೇಕಮ್ಮಾ." ಇದು ಅರ್ಧ ಸತ್ಯ.

ನಮ್ಮ ರಾಜ್ಯದ ಗಣಿತ ವಿಭಾಗಗಳಲ್ಲಿ ಮೊದಲಿನಿಂದಲೂ ಎರಡು ವಿಷಯಗಳಿಗೆ ಒತ್ತು ಹೆಚ್ಚು. ಒಂದು ದ್ರವಚಲನೆ, ಅಂದ್ರೆ ನೀರು, ಗಾಳಿ, ರಕ್ತ ಹರಿಯುವುದರ ಗಣಿತ. ಬೆಂಗಳೂರು ವಿ.ವಿ.ಯ ಎನ್. ರುದ್ರಯ್ಯನವರು ಇದರಲ್ಲಿ ದೊಡ್ಡ ಶಿಷ್ಯಪರಂಪರೆ ಕಟ್ಟಿದವರು. ಇನ್ನೊಂದು ಗ್ರಾಫ್ ಸಿದ್ಧಾಂತ. ಗ್ರಾಫ್ ಅಂದರೆ ಊರುಗಳು ಚುಕ್ಕಿ, ಬಸ್ ರೂಟು ಗೆರೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರು ಚುಕ್ಕಿ ಇಟ್ಟು ಗೆರೆ ಎಳೆದರೆ ಅದೇ ಒಂದು ಪುಟ್ಟ ಗ್ರಾಫ್. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಈ ಎರಡೂ ಹಳೇ ವಿಷಯಗಳು ಇವತ್ತು ಮೆಷಿನ್ ಲರ್ನಿಂಗ್‌ಗೆ ನೇರವಾಗಿ ಬೇಕಾಗಿವೆ. ಹರಿವಿನ ಸಮೀಕರಣಗಳನ್ನೇ ಯಂತ್ರಕ್ಕೆ ಕಲಿಸುವ ವಿಧಾನ 2019ರ ಹೊತ್ತಿಗೆ ಜೋರಾಗಿ ಬೆಳೆಯಿತು. ಆನಂದಕುಮಾರ್ ಅವರ ತಂಡ ಇದೇ ಜಾಡಿನಲ್ಲಿ ಹವಾಮಾನ ಮುನ್ಸೂಚನೆವರೆಗೂ ಹೋಗಿದೆ. ಗ್ರಾಫ್ ಮೇಲೆ ಕಲಿಯುವ ಯಂತ್ರಗಳಂತೂ ಔಷಧಿಯ ಅಣುವಿನಿಂದ ಹಿಡಿದು ಊರಿನ ಟ್ರಾಫಿಕ್‌ವರೆಗೆ ಎಲ್ಲ ಕಡೆ ಇವೆ. ಹಾಗಾಗಿ ಹೆಸರಿನಲ್ಲಿ ಎಐ ಇರುವ ಗೈಡನ್ನೇ ಹುಡುಕಬೇಕಾಗಿಲ್ಲ. ಗ್ರಾಫ್ ಸಿದ್ಧಾಂತವನ್ನೋ, ಮ್ಯಾಟ್ರಿಕ್ಸನ್ನೋ, ಸಂಭವನೀಯತೆಯನ್ನೋ, ದ್ರವಚಲನೆಯನ್ನೋ ಆಳವಾಗಿ ಬಲ್ಲ, ಹೊಸದನ್ನು ಕಲಿಯಲು ಮನಸ್ಸಿರುವ ಗೈಡ್ ಸಿಕ್ಕರೆ ಅದು ಇನ್ನೂ ಮೇಲು ಅಂತ ನನ್ನ ಅನಿಸಿಕೆ. ಥೀಸಿಸ್ ತಲೆಬರಹಕ್ಕೆ ಎಐ ಅಂತ ಎರಡಕ್ಷರ ಸೇರಿಸಿ ಒಳಗೆ ಏನೂ ಇಲ್ಲದಿದ್ದರೆ ಏನು ಬಂತು, ಹೂರಣ ಇಲ್ಲದ ಒಬ್ಬಟ್ಟು!

ಬಿಡಿಸಬೇಕಾದ ಒಗಟುಗಳು ಬೇಕಾದಷ್ಟಿವೆ. ಒಂದು ಉದಾಹರಣೆ. ಇಡೀ ಗೈಡ್ ಪುಸ್ತಕವನ್ನೇ ಬಾಯಿಪಾಠ ಮಾಡಿದ ಮಗು ಪ್ರಶ್ನೆ ಸ್ವಲ್ಪ ತಿರುಚಿದರೂ ತಡಬಡಾಯಿಸುತ್ತದೆ. ಈಗಿನ ದೊಡ್ಡ ಯಂತ್ರಗಳಿಗೆ ಇಡೀ ಪಾಠವನ್ನು ಬಾಯಿಪಾಠ ಮಾಡುವಷ್ಟು ಜಾಗ ಇದೆ. ಹಳೇ ಲೆಕ್ಕಾಚಾರದ ಪ್ರಕಾರ ಅವು ಪರೀಕ್ಷೆಯಲ್ಲಿ ಫೇಲಾಗಬೇಕು. ಆದರೆ ಹೊಸ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡುತ್ತವೆ! ಯಾಕೆ ಅನ್ನುವುದಕ್ಕೆ ಪೂರ್ತಿ ಸಮಾಧಾನದ ಉತ್ತರ ಗಣಿತದವರ ಹತ್ತಿರ ಇನ್ನೂ ಇಲ್ಲ. ಇಂಥದ್ದಕ್ಕೆ ಬೇಕಾದ್ದು ಪೆನ್ನು, ಪೇಪರ್, ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ನಿಶ್ಶಬ್ದವಾದ ಎರಡು ಗಂಟೆ. ಲ್ಯಾಬಿಗೆ ದಿನಾ ಹೋಗಿ ನಿಲ್ಲಬೇಕಾದ ಕೆಮಿಸ್ಟ್ರಿಗಿಂತ ಇದು ಮನೆಯವರಿಗೆ ಹೊಂದುತ್ತದೆ.

ಎಲ್ಲಿ ವಿಚಾರಿಸಬೇಕು?

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾದದ್ದು, ಅಲ್ಲಿ ಗಣಿತದ ಅಧ್ಯಯನ ಮತ್ತು ಸಂಶೋಧನಾ ವಿಭಾಗ ಇದೆ. ನಗರದಲ್ಲೇ 1963ರ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಗೆ ಸೇರಿದ್ದು. ಅಗಳಕೋಟೆಯ ಶ್ರೀ ಸಿದ್ಧಾರ್ಥ ಸಂಸ್ಥೆ 2008ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಗುಬ್ಬಿಯವರಿಗೆ ಮನೆ ಹತ್ತಿರವೇ 2001ರಲ್ಲಿ ಶುರುವಾದ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು ಇದೆ, ಅದೂ ವಿಟಿಯುಗೇ ಸೇರಿದ್ದು. ಎಂಜಿನಿಯರಿಂಗ್ ಕಾಲೇಜು ಅಂದಾಕ್ಷಣ ಗಣಿತದವರಿಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ, ಅಲ್ಲೂ ಗಣಿತ ವಿಭಾಗ ಇರುತ್ತದೆ. ಹೋದಾಗ ಕೇಳಬೇಕಾದ್ದು ಮೂರೇ ಮಾತು. ಗಣಿತಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಇರುವ ಸಂಶೋಧನಾ ಕೇಂದ್ರ ಇದೆಯಾ, ಮಾನ್ಯತೆ ಪಡೆದ ಗೈಡ್ ಯಾರು, ಅವರ ಹತ್ತಿರ ಸೀಟು ಖಾಲಿ ಇದೆಯಾ? ಪ್ರೊಫೆಸರ್ ಒಬ್ಬರು ಒಂದು ಕಾಲಕ್ಕೆ ಎಂಟು ಜನ, ಅಸೋಸಿಯೇಟ್ ಆದರೆ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನರನ್ನು ಮಾತ್ರ ತೆಗೆದುಕೊಳ್ಳಬಹುದು ಅಂತ ನಿಯಮ.

ಕುಣಿಗಲ್‌ನಲ್ಲಿ ನನ್ನ ಕಾಲೇಜು ಗೆಳತಿ ಒಬ್ಬಳಿದ್ದಾಳೆ, ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವಳ ಲೆಕ್ಕಾಚಾರ ಬೇರೆ. ತುಮಕೂರಿಗೆ ಬಸ್ಸೇ ಗತಿ. ಬೆಂಗಳೂರಿಗಾದರೆ ಹೆದ್ದಾರಿಯೂ ಇದೆ, 2017ರಿಂದ ಹಾಸನದ ರೈಲು ದಾರಿಯೂ ಇದೆ. ಹಾಗಾಗಿ ಅವಳ ಕಣ್ಣು ಬೆಂಗಳೂರಿನ ಮೇಲೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಯಲಹಂಕದ ಕಡೆ ಟಾಟಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರ, ಎಲೆಕ್ಟ್ರಾನಿಕ್ ಸಿಟಿಯ ಟ್ರಿಪಲ್ ಐಟಿ, ಎಲ್ಲವೂ ಇವೆ. ಮೆಷಿನ್ ಲರ್ನಿಂಗ್ ಗಣಿತಕ್ಕೆ ದೇಶದಲ್ಲೇ ದೊಡ್ಡ ಹೆಸರು. ಆದರೆ ಇಲ್ಲೆಲ್ಲ ಹೆಚ್ಚಾಗಿ ಪೂರ್ಣಾವಧಿ ಓದು, ಪೈಪೋಟಿಯೂ ಜಾಸ್ತಿ. ಚಿಕ್ಕ ಮಗು ಇರುವವರು ದಿನಾ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ಹೋಗಿ ಬರುವುದು ಹೇಳಿದಷ್ಟು ಸುಲಭ ಅಲ್ಲ.

ಪರೀಕ್ಷೆ, ವಯಸ್ಸು, ದುಡ್ಡು

ಎಂ.ಎಸ್ಸಿ.ಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಶೇ 5ರ ರಿಯಾಯಿತಿ ಇದೆ. ಆಮೇಲೆ ಪ್ರವೇಶ ಪರೀಕ್ಷೆ.

ಗಣಿತದವರಿಗೆ ಮುಖ್ಯ ಪರೀಕ್ಷೆ ಸಿಎಸ್‌ಐಆರ್-ಯುಜಿಸಿ ನೆಟ್. ಮೂರು ಗಂಟೆ, 200 ಅಂಕ. 2024ರಿಂದ ಇದರಲ್ಲಿ ಮೂರು ಮೆಟ್ಟಿಲು ಮಾಡಿದ್ದಾರೆ. ಮೇಲಿನದು ಫೆಲೋಶಿಪ್ ಸಿಗುವ ಜೆಆರ್‌ಎಫ್, ನಡುವಿನದು ಉಪನ್ಯಾಸಕ ಹುದ್ದೆ ಮತ್ತು ಪಿಎಚ್.ಡಿ. ಅರ್ಹತೆ, ಕೆಳಗಿನದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಕೆಳಗಿನ ಎರಡು ಮೆಟ್ಟಿಲಿನವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ಅಂತ ಹಿಡಿಯುತ್ತಾರೆ, ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿ. ಇನ್ನೊಂದು ದಾರಿ ಗೇಟ್ ಪರೀಕ್ಷೆ. ಇದಕ್ಕೆ ವಯಸ್ಸಿನ ಮಿತಿ ಇಲ್ಲ, ಅಂಕ ಮೂರು ವರ್ಷ ನಡೆಯುತ್ತದೆ. ಗಣಿತದ ಪೇಪರ್ ಮೊದಲಿನಿಂದ ಇತ್ತು, 2024ರಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆ ಅಂತ ಹೊಸ ಪೇಪರ್ ಸೇರಿಸಿದ್ದಾರೆ. ಅದರ ಸಿಲೆಬಸ್ ತೆಗೆದು ನೋಡಿದರೆ ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಮುಂದಿನ ಸಾಲಿನಲ್ಲೇ ಕೂತಿವೆ. ಓರಗಿತ್ತಿಗೆ ಧೈರ್ಯ ಬಂದದ್ದು ಆ ಸಿಲೆಬಸ್ ನೋಡಿಯೇ.

ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಈ ದರ 2023ರ ಜನವರಿಯಿಂದ ಬಂದದ್ದು. ಆದರೆ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಹೆಂಗಸರಿಗೆ ಐದು ವರ್ಷ ಸಡಿಲಿಕೆ ಕೊಟ್ಟರೂ ಮೂವತ್ತೆಂಟರ ನಮ್ಮವಳಿಗೆ ಅದು ದಾಟಿಹೋಗಿದೆ. ಪಾಪ, ಅವತ್ತು ಸ್ವಲ್ಪ ಸಪ್ಪಗಾದಳು. ಆಗ ಸಿಕ್ಕಿದ್ದೇ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಪಿಎಚ್.ಡಿ. ಎಂಬ ಫೆಲೋಶಿಪ್. ಹೆಂಗಸರಿಗೆಂದೇ ಇರುವ ಇದನ್ನು ಕರೆದಾಗ ವಯಸ್ಸು ಇಟ್ಟಿದ್ದು 27ರಿಂದ 45. ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ, ಹಾಗಾಗಿ ಪ್ರಕಟಣೆ ಬರುತ್ತದಾ ಅಂತ ಕಣ್ಣಿಟ್ಟಿರಬೇಕು, ನಿಯಮ ಬದಲಾಗಿದೆಯಾ ಅಂತಲೂ ನೋಡಿಕೊಳ್ಳಬೇಕು.

ಅರೆಕಾಲಿಕ ಪಿಎಚ್.ಡಿ.ಗೂ ಯುಜಿಸಿ ಅವಕಾಶ ಕೊಟ್ಟಿದೆ. ಕೆಲಸದಲ್ಲಿರುವವರು ಕಾಲೇಜಿನಿಂದ ಒಪ್ಪಿಗೆ ಪತ್ರ ತರಬೇಕು. ಸಾಮಾನ್ಯವಾಗಿ ಅರೆಕಾಲಿಕದವರಿಗೆ ಫೆಲೋಶಿಪ್ ಇರುವುದಿಲ್ಲ, ಫೀಸು ಕೈಯಿಂದಲೇ ಹೋಗುತ್ತದೆ. ಸೇರುವ ಮೊದಲೇ ವರ್ಷಕ್ಕೆ ಎಷ್ಟು, ಥೀಸಿಸ್ ಒಪ್ಪಿಸುವಾಗ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು ಮುಚ್ಚಿಡದೆ ಹೇಳಿಬಿಡುತ್ತೇನೆ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕರೆ ಸಾಕು ಅನ್ನುವವರಿಗೆ ಪಿಎಚ್.ಡಿ. ಕಡ್ಡಾಯ ಅಲ್ಲ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಸಾಕು ಅಂತ ಯುಜಿಸಿ 2023ರಲ್ಲೇ ಹೇಳಿದೆ. ಐದಾರು ವರ್ಷ ಒಂದೇ ಪ್ರಶ್ನೆಯ ಹಿಂದೆ ಬೀಳುವ ಆಸೆ ಇದ್ದರೆ ಮಾತ್ರ ಪಿಎಚ್.ಡಿ.ಗೆ ಹೋಗಿ.

ಹೆಂಗಸರಿಗಾಗಿಯೇ ಇರುವ ಸಾಲುಗಳು

2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ಪಿಎಚ್.ಡಿ. ನಿಯಮಾವಳಿಯಲ್ಲಿ ನಮ್ಮನ್ನು ನೆನೆಸಿಕೊಂಡ ಕೆಲವು ಸಾಲುಗಳಿವೆ. ಎಷ್ಟೋ ಜನ ಕಾಲೇಜಿನವರಿಗೇ ಇದು ನೆನಪಿರುವುದಿಲ್ಲ, ನೀವೇ ಹೇಳಬೇಕಾಗುತ್ತದೆ.

ಸಾಮಾನ್ಯವಾಗಿ ಪಿಎಚ್.ಡಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ. ಹೆಂಗಸರಿಗೆ ಅದರ ಮೇಲೆ ಮತ್ತೆ ಎರಡು ವರ್ಷ ಸಿಗಬಹುದು, ಒಟ್ಟು ಹತ್ತು ವರ್ಷ ಮೀರಬಾರದು. ಬಾಣಂತನ ಮತ್ತು ಮಕ್ಕಳ ಪಾಲನೆಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ರಜೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬಿಡಬೇಕಾಗಿ ಬಂದರೆ, ಅಲ್ಲಿಯವರೆಗೆ ಮಾಡಿದ ಸಂಶೋಧನೆಯನ್ನು ಹೊಸ ಊರಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಬಹುದು. ಹಣ ಕೊಟ್ಟ ಪ್ರಾಜೆಕ್ಟಿನ ಕೆಲಸವಾದರೆ ಮಾತ್ರ ಇದು ಆಗುವುದಿಲ್ಲ. ಗಂಡನಿಗೆ ವರ್ಗ ಆಯಿತು ಅಂತ ಓದನ್ನೇ ಬಿಟ್ಟ ಎಷ್ಟು ಜನ ನಮ್ಮ ಕಣ್ಣೆದುರಿಗೇ ಇದ್ದಾರೆ!

ಮೊದಲು ಕೋರ್ಸ್ ವರ್ಕ್ ಇರುತ್ತದೆ, ಅದರಲ್ಲಿ ಶೇ 55 ಬರಬೇಕು. ಆಗ ತರಗತಿಗೆ ಹೋಗಲೇಬೇಕು, ಇದನ್ನು ಮನೆಯಲ್ಲಿ ಮೊದಲೇ ಹೇಳಿಡಿ. ಆಮೇಲೆ ಪ್ರತಿ ಸೆಮಿಸ್ಟರ್ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು.

ಪ್ಯಾಕೇಜ್ ಅಂದರೆ ಎದ್ದು ಬನ್ನಿ

ವಿಚಾರಿಸುತ್ತಾ ಹೋದಾಗ ನಮಗೆ ಒಬ್ಬ ಮಧ್ಯವರ್ತಿಯೂ ಗಂಟುಬಿದ್ದ. ನೀಟಾಗಿ ಇನ್‌ಶರ್ಟ್ ಮಾಡಿಕೊಂಡು, "ಮೇಡಂ, ಸಿನಾಪ್ಸಿಸ್‌ನಿಂದ ಥೀಸಿಸ್‌ವರೆಗೂ ಎಲ್ಲಾ ನಾವೇ ನೋಡ್ಕೋತೀವಿ. ಎರಡೂವರೆ ಲಕ್ಷ ಪ್ಯಾಕೇಜ್. ನೀವು ಮನೇಲೇ ಇರಿ, ಎರಡು ವರ್ಷದಲ್ಲಿ ಡಾಕ್ಟರ್" ಅಂದ. ಓರಗಿತ್ತಿ ಸಮಾಧಾನವಾಗಿ, "ಮೂರು ವರ್ಷಕ್ಕೆ ಕಡಿಮೆ ಪಿಎಚ್.ಡಿ.ನೇ ಇಲ್ವಲ್ಲ ಸಾರ್" ಅಂದಳು. ಅವನ ಮುಖ ನೋಡಬೇಕಿತ್ತು!

ನಗುವ ವಿಷಯ ಅಲ್ಲ ಇದು. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಸಿತ್ತು. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ.ಗೆ ಯಾರನ್ನೂ ಸೇರಿಸಿಕೊಳ್ಳದಂತೆ ತಡೆ ಹಾಕಿತು, ನಿಯಮ ಪಾಲಿಸಲಿಲ್ಲ ಅಂತ. ಥೀಸಿಸ್ ನಕಲು ಅಂತ ಸಾಬೀತಾದರೆ ಹಣ ಮಾತ್ರ ಅಲ್ಲ, ಮಾನವೂ ಹೋಗುತ್ತದೆ.

ಗೈಡ್ ಆರಿಸುವಾಗಲೂ ಹುಷಾರು. ವರ ನೋಡುವಷ್ಟೇ ಎಚ್ಚರ ಬೇಕು ಅಂದರೆ ತಪ್ಪಿಲ್ಲ! ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ, ಅದನ್ನು ಕೇಳಿಕೊಳ್ಳಿ. ಅವರ ಹತ್ತಿರ ಮೊದಲು ಓದಿದ ಹೆಣ್ಣುಮಕ್ಕಳ ಜೊತೆ ಮಾತಾಡಿ. ಎಷ್ಟು ವರ್ಷದಲ್ಲಿ ಮುಗಿಯಿತು, ತಿಂಗಳಿಗೆ ಎಷ್ಟು ಸಲ ಕೂತು ಚರ್ಚಿಸುತ್ತಿದ್ದರು, ಮಗುವಿಗೆ ಜ್ವರ ಬಂದಾಗ ಏನಂದರು? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬೇಕಾದ್ದೆಲ್ಲ ಗೊತ್ತಾಗಿಬಿಡುತ್ತದೆ.

ತುಕ್ಕು ಉಜ್ಜುವುದು ಹೇಗೆ?

ತಯಾರಿಗೆ ಕೋಚಿಂಗ್ ಅಂತ ಸಾವಿರಾರು ಸುರಿಯಬೇಕಿಲ್ಲ. ಸರ್ಕಾರದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ಮೆಷಿನ್ ಲರ್ನಿಂಗ್‌ಗೆ ಬೇಕಾದ ಗಣಿತ ಅಂತಲೇ ಐಐಟಿ ರೂರ್ಕಿಯವರ ಕೋರ್ಸ್ ಇದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಫೀಸು. ಡೈಸೆನ್ರಾತ್, ಫೈಸಲ್, ಓಂಗ್ ಎಂಬ ಮೂವರು ಇದೇ ವಿಷಯದ ಮೇಲೆ ಬರೆದು 2020ರಲ್ಲಿ ಕೇಂಬ್ರಿಡ್ಜ್ ಪ್ರಕಟಿಸಿದ ಪುಸ್ತಕವನ್ನು ಲೇಖಕರೇ ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ಜೊತೆಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಸ್ವಲ್ಪ ಕಲಿಯಬೇಕು. ಹೆದರಬೇಡಿ, ನಮ್ಮವಳು ಕಲಿತದ್ದು ಏಳನೇ ಕ್ಲಾಸಿನ ಮಗನ ಪಕ್ಕ ಕೂತು.

ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಅಲ್ಲಿಗೇ ನಿಲ್ಲಿಸಿದವರಿಗೂ ದಾರಿ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿ.ವಿ.ಯಲ್ಲಿ ಗಣಿತ ಎಂ.ಎಸ್ಸಿ. ಇದೆ. ಇಂದಿರಾ ಗಾಂಧಿ ಮುಕ್ತ ವಿ.ವಿ.ಯಲ್ಲಿ ಕಂಪ್ಯೂಟರ್‌ಗೆ ಅನ್ವಯಿಸುವ ಗಣಿತದ್ದೇ ಎಂ.ಎಸ್ಸಿ. ಇದೆ. ನನ್ನ ಹಾಗೆ ಬಿ.ಎ. ಮಾಡಿದವರು ಮಗಳನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವುದು, ಅಷ್ಟೇ.

ಓರಗಿತ್ತಿ ಈಗ ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾಳೆ. ಆರೂವರೆಯವರೆಗೆ ಅವಳ ರೂಮಿಗೆ ಯಾರೂ ಹೋಗುವಂತಿಲ್ಲ ಅಂತ ಮೈದುನನೇ ಮಕ್ಕಳಿಗೆ ಹೇಳಿದ್ದಾನೆ. ಕಾಫಿ ಮಾಡುವುದೂ ಅವನೇ, ಡಿಕಾಕ್ಷನ್ ನೀರಾಗಿರುತ್ತದೆ ಅಂತ ಅವಳ ದೂರು. ಮೊನ್ನೆ ಫೋನ್ ಮಾಡಿ, ಮುಂದಿನ ಶನಿವಾರ ತುಮಕೂರಿನಲ್ಲಿ ಒಬ್ಬ ಗೈಡ್ ಸಿಗುತ್ತಾರಂತೆ, ಚಿಕ್ಕವನನ್ನು ನಿಮ್ಮ ಮನೆಯಲ್ಲಿ ಬಿಟ್ಟು ಹೋಗಲಾ ಅಂತ ಕೇಳಿದಳು. ಧಾರಾಳವಾಗಿ ಬಿಡು, ಆದರೆ ವಾಪಸ್ ಬಂದ ಮೇಲೆ ನನ್ನ ಮಗಳಿಗೆ ಟ್ರಿಗನಾಮೆಟ್ರಿ ಹೇಳಿಕೊಟ್ಟೇ ಬಸ್ ಹತ್ತಬೇಕು ಅಂದೆ. ಒಪ್ಪಿಕೊಂಡಿದ್ದಾಳೆ.